ಹುಟ್ಟಲಿರುವ ಮರಿಗಳ ಕಣ್ಣು

ಮೈಸೂರಿನ ಒಂಟಿಕೊಪ್ಪಲಿಗೂ ಜಯಲಕ್ಷ್ಮೀಪುರಕ್ಕೂ ನೆರೆಯಾಗಿರುವ ನಮ್ಮ ಗೋಕುಲಂ ಬಡಾವಣೆಯಲ್ಲಿ ಬೆಳಗಿನ ಹೊತ್ತು ಸಂಚಾರಕ್ಕೆ ಹೊರಟವರಿಗೆ, ಯೋಗಶಾಲೆಗಳ ಕಡೆಗೆ ಹೆಜ್ಜೆ ಹಾಕುವ ಪರದೇಶದ ವಿದ್ಯಾರ್ಥಿಗಳಷ್ಟೇ ನಿಯತವಾಗಿ ಎದುರಾಗುವವರೆಂದರೆ, ತಮ್ಮ ನಾಯಿಗಳನ್ನು ನಡೆಸಿಕೊಂಡು ಬರುವ ಗೃಹಸ್ಥರು. ಮನೆಯವರ ಊಟವಾದ ಮೇಲೆ ಮಿಕ್ಕ ಅನ್ನವನ್ನು ಉಂಡು, ಯಾರೊಬ್ಬರದೂ ಆಗದೆ ಇಡೀ ಬೀದಿಗೆ ಕಾವಲಿರುತ್ತಿದ್ದ ನಾಯಿಗಳು ಇಂದಿಗೂ ಮಾಯವಾಗಿಲ್ಲವಾದರೂ, ಗೇಟಿನ ಒಳಗೆ ಈಗ ನೆಲೆಸಿರುವುವು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಕಾಕರ್ ಸ್ಪ್ಯಾನಿಯಲ್, ಡ್ಯಾಷ್‌ಹೌಂಡ್ ಮೊದಲಾದ ಶುದ್ಧ ತಳಿಯ ನಾಯಿಗಳು. ಇವುಗಳ ಆಹಾರ, ಲಸಿಕೆ, ಸ್ನಾನಗಳ ವಿಷಯದಲ್ಲಿ ಅನೇಕ ಕುಟುಂಬಗಳು ತೋರುವ ಅಕ್ಕರೆ ಮಕ್ಕಳ ಮೇಲಿನ ಅಕ್ಕರೆಗೆ ಯಾವ ರೀತಿಯಲ್ಲಿಯೂ ಕಡಿಮೆಯದಲ್ಲ. ಇಷ್ಟು ಅಕ್ಕರೆಯುಳ್ಳ ಜನರು ಮರಿಯನ್ನು ಕೊಳ್ಳುವ ದಿನ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲವೆಂಬುದು ನನ್ನನ್ನು ಬಹಳ ಕಾಲದಿಂದ ಬಾಧಿಸುತ್ತಿರುವ ಸಂಗತಿ. ಈ ಮರಿಯ ತಂದೆಯೂ ತಾಯಿಯೂ ತಮ್ಮ ವಂಶವಾಹಿಗಳಲ್ಲಿ ಅಂಧತ್ವವನ್ನು ಹೊತ್ತಿವೆಯೇ, ಹೊತ್ತಿಲ್ಲವೇ ಎಂಬುದೇ ಆ ಪ್ರಶ್ನೆ.

ನಾಯಿಗಳಲ್ಲಿ ವಂಶಪಾರಂಪರ್ಯವಾಗಿ ಬರುವ ನೇತ್ರವ್ಯಾಧಿಗಳು ಹಲವು ಬಗೆ. ಮಸೂರವು ಬೆಳ್ಳಗಾಗುವ ಪೊರೆ, ಕಣ್ಣಿನೊಳಗಿನ ಒತ್ತಡ ಏರಿ ನೋವನ್ನುಂಟುಮಾಡುವ ಗ್ಲಾಕೋಮಾ, ಟೆರಿಯರ್ ಜಾತಿಗಳಲ್ಲಿ ಮಸೂರವು ತನ್ನ ನೆಲೆಯಿಂದ ಕಳಚಿ ಜಾರುವ ವ್ಯಾಧಿ, ಕಾಲಿ ಜಾತಿಯ ಕುರಿನಾಯಿಗಳಲ್ಲಿ ಹುಟ್ಟಿನೊಂದಿಗೇ ಬರುವ ನ್ಯೂನತೆ, ಇವೆಲ್ಲ ಆ ಗುಂಪಿಗೆ ಸೇರಿದವು. ಆದರೆ ಇವೆಲ್ಲಕ್ಕಿಂತ ಹೆಚ್ಚು ತಳಿಗಳನ್ನು ವ್ಯಾಪಿಸಿಕೊಂಡು, ಸದ್ದಿಲ್ಲದೆ ಬಂದು ದೃಷ್ಟಿಯನ್ನು ಪೂರ್ತಿಯಾಗಿ ಅಪಹರಿಸುವ ವ್ಯಾಧಿಯೆಂದರೆ ಅಕ್ಷಿಪಟಲದ ಕ್ರಮಕ್ಷಯ. ಪಶುವೈದ್ಯರು ಇದನ್ನು ಪಿಆರ್‌ಎ ಎಂದು ಕರೆಯುತ್ತಾರೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳುಂಟು: ಮಂದ ಬೆಳಕಿನಲ್ಲಿ ನೋಡುವುದಕ್ಕೆ ದಂಡಕೋಶಗಳು, ಹಗಲಿನ ಬೆಳಕಿಗೂ ಬಣ್ಣಕ್ಕೂ ಶಂಕುಕೋಶಗಳು. ಈ ವ್ಯಾಧಿಯ ಬಹುತೇಕ ಪ್ರಭೇದಗಳಲ್ಲಿ ಮೊದಲು ಸಾಯುವುವು ದಂಡಕೋಶಗಳು. ಆದ್ದರಿಂದ ನಾಯಿಗೆ ಮೊದಲು ಬರುವುದು ಇರುಳುಗುರುಡು. ಅದರ ಬಳಿಕ ಶಂಕುಕೋಶಗಳೂ ಒಂದೊಂದಾಗಿ ನಂದಿಹೋಗಿ, ಕೆಲವು ವರ್ಷಗಳಲ್ಲಿ ಹಗಲೂ ಇರುಳಾಗುತ್ತದೆ. ನೋವಿಲ್ಲ, ಕೆಂಪಿಲ್ಲ, ಕಣ್ಣೀರಿಲ್ಲ. ಇದಕ್ಕೆ ಹಾಕಬಲ್ಲ ಹನಿಮದ್ದೂ ಇಲ್ಲ, ಮಾಡಬಲ್ಲ ಶಸ್ತ್ರಚಿಕಿತ್ಸೆಯೂ ಇಲ್ಲ.

ಮನೆಯವರಿಗೆ ಇದು ತಿಳಿಯುವುದು ಬಹಳ ತಡವಾಗಿ. ಏಕೆಂದರೆ ನಾಯಿಯು ತನ್ನ ಮನೆಯನ್ನು ಕಣ್ಣಿನಿಂದ ಮಾತ್ರ ಅರಿತ ಪ್ರಾಣಿಯಲ್ಲ. ಸೋಫಾ ಎಲ್ಲಿದೆ, ಹಿತ್ತಲ ಮೆಟ್ಟಿಲು ಎಷ್ಟು, ನೀರಿನ ಬಟ್ಟಲು ಯಾವ ಮೂಲೆಯಲ್ಲಿದೆ ಎಂಬುದನ್ನು ಅದು ಮೂಗಿನಿಂದಲೂ ನೆನಪಿನಿಂದಲೂ ಬಲ್ಲುದು. ಆದಕಾರಣ ಕುರುಡಾಗುತ್ತಿರುವ ನಾಯಿ ಮನೆಯೊಳಗೆ ಎಂದಿನಂತೆಯೇ ಓಡಾಡಿಕೊಂಡಿದ್ದು, ನಂಟರ ಮನೆಗೆ ಹೋದಾಗ ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳುತ್ತದೆ. ಚರಂಡಿಯ ಕೆಲಸಕ್ಕೆಂದು ರಸ್ತೆಯನ್ನು ಅಗೆದಿಟ್ಟ ದಿನ, ನಿನ್ನೆಯವರೆಗೂ ಇಲ್ಲದಿದ್ದ ಹಳ್ಳಕ್ಕೆ ಮುಗ್ಗರಿಸುತ್ತದೆ. ಸಂಜೆಯ ಸಂಚಾರವನ್ನು ಒಲ್ಲದೆ ಗೇಟಿನ ಬಳಿಯೇ ಕಾಲೂರಿ ನಿಲ್ಲುತ್ತದೆ. ಆಗ ಮನೆಯವರು ಇದನ್ನು ಸೋಮಾರಿತನವೆಂದೋ ವಯಸ್ಸೆಂದೋ ಭಾವಿಸುತ್ತಾರೆ. ಲಕ್ಷ್ಯವಿಟ್ಟು ನೋಡುವವರಿಗೆ ಇನ್ನೊಂದು ಚಿಹ್ನೆ ಕಾಣುತ್ತದೆ. ನಾಯಿಯ ಅಕ್ಷಿಪಟಲದ ಹಿಂದೆ ಬೆಳಕನ್ನು ಪ್ರತಿಫಲಿಸುವ ಟೆಪೀಟಮ್ ಎಂಬ ಪದರವೊಂದುಂಟು. ರಾತ್ರಿಯಲ್ಲಿ ಅದರ ಕಣ್ಣು ಹೊಳೆಯುವುದು ಇದರಿಂದಲೇ. ಮುಂದಿರುವ ಅಕ್ಷಿಪಟಲವು ಕ್ಷೀಣಿಸಿ ತೆಳುವಾದಂತೆಲ್ಲ ಈ ಪದರವನ್ನು ತಲುಪಿ ಮರಳುವ ಬೆಳಕು ಅಧಿಕವಾಗುವುದರಿಂದಲೂ, ಪಾಪೆಗಳು ಅರಳಿಕೊಂಡೇ ಇರುವುದರಿಂದಲೂ, ದೃಷ್ಟಿಯನ್ನು ಕಳೆದುಕೊಳ್ಳುತ್ತಿರುವ ಕಣ್ಣು ಹಿಂದಿಗಿಂತ ಹೆಚ್ಚು ಪ್ರಕಾಶಮಾನವಾಗಿ ತೋರುತ್ತದೆ. ಆ ಹೊಳಪನ್ನು ಕಂಡು ಆರೋಗ್ಯವೆಂದು ಸಂತೋಷಪಟ್ಟವರನ್ನು ನಾನು ನೋಡಿದ್ದೇನೆ.

ಇದರಲ್ಲಿ ಅತ್ಯಂತ ಕ್ರೂರವಾದದ್ದು ಕಾಲದ ಲೆಕ್ಕ. ಲ್ಯಾಬ್ರಡಾರ್, ಕಾಕರ್, ಪೂಡಲ್ ಮೊದಲಾದ ತಳಿಗಳಲ್ಲಿ ಕಾಣುವ ಪ್ರಭೇದದಲ್ಲಿ ರೋಗದ ಬಾಹ್ಯ ಚಿಹ್ನೆಗಳು ಮನೆಯವರ ಗಮನಕ್ಕೆ ಬರುವ ಹೊತ್ತಿಗೆ ನಾಯಿಗೆ ಸಾಮಾನ್ಯವಾಗಿ ಮೂರೋ ಐದೋ ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು, ತುಂಬಿರುತ್ತದೆ. ಅಷ್ಟರಲ್ಲಿ ಅದು ಹಲವು ಮರಿಗಳಿಗೆ ತಂದೆಯೋ ತಾಯಿಯೋ ಆಗಿಹೋಗಿರುವುದು ಅಸಂಭವವೇನೂ ಅಲ್ಲ. ನಮ್ಮ ಊರುಗಳಲ್ಲಿ ಮರಿ ಮಾಡಿಸುವ ಕ್ರಮ ಎಲ್ಲರಿಗೂ ತಿಳಿದದ್ದೇ: ಒಬ್ಬರ ಮನೆಯ ಚೆಲುವಾದ ಗಂಡುನಾಯಿಯ ಹೆಸರು ಬಾಯಿಂದ ಬಾಯಿಗೆ ಹರಡುತ್ತದೆ; ಹೆಣ್ಣುನಾಯಿಯುಳ್ಳವರು ಬಂದು ಕ್ರಾಸ್ ಮಾಡಿಸಿಕೊಂಡು ಹೋಗುತ್ತಾರೆ; ಪ್ರತಿಫಲವಾಗಿ ಹಣವೋ, ಈದಾಗ ಆರಿಸಿಕೊಂಡ ಒಂದು ಮರಿಯೋ ಸಲ್ಲುತ್ತದೆ. ಸೌಜನ್ಯದಿಂದ ನಡೆಯುವ ಈ ವ್ಯವಹಾರದಲ್ಲಿ ಯಾರಿಗೂ ದುರುದ್ದೇಶವಿರುವುದಿಲ್ಲ. ಆದರೂ ಒಂದೇ ಗಂಡುನಾಯಿಯ ಸಂತತಿ ಕುವೆಂಪುನಗರದಿಂದ ಹೆಬ್ಬಾಳು ಬಡಾವಣೆಯವರೆಗೂ ಹರಡಿ, ನಾಲ್ಕು ವರ್ಷಗಳ ತರುವಾಯ ಆ ಗಂಡುನಾಯಿಯ ಮಗಳನ್ನು ಅದರ ಮೊಮ್ಮಗನಿಗೆ ಕೂಡಿಸುವ ಸಂದರ್ಭ ಅರಿವಿಲ್ಲದೆಯೇ ಒದಗುತ್ತದೆ.

ಅದರಿಂದ ಒದಗುವ ಅಪಾಯವನ್ನು ತಿಳಿಯಬೇಕಾದರೆ ಆನುವಂಶಿಕತೆಯ ಮೂಲಪಾಠವನ್ನು ಒಮ್ಮೆ ನೆನೆಯಬೇಕು. ಬ್ರನೋ ನಗರದ ಮಠವಾಸಿ ಗ್ರೆಗೊರ್ ಮೆಂಡೆಲ್ ಬಟಾಣಿ ಗಿಡಗಳಿಂದ ಕಂಡುಕೊಂಡು 1866ರಲ್ಲಿ ಪ್ರಕಟಿಸಿದ ನಿಯಮಗಳನ್ನು ಕಲಿಯಲು ಗೋಕುಲಂನವರು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಸಮೀಪದ ಮಾನಸಗಂಗೋತ್ರಿಯಲ್ಲಿಯೇ, ಪ್ರೊಫೆಸರ್ ಎಂ.ಆರ್. ರಾಜಶೇಖರ ಶೆಟ್ಟಿಯವರು ಹಾಕಿಕೊಟ್ಟ ಪರಂಪರೆಯಲ್ಲಿ, ಹಣ್ಣುನೊಣಗಳ ಮೇಲೆ ತಳಿವಿಜ್ಞಾನದ ಅಧ್ಯಯನ ದಶಕಗಳಿಂದ ನಡೆದುಬಂದಿದೆ. ಆ ನೊಣದ ವಂಶವಾಹಿ ವರ್ಣತಂತುವಿನ ಮೇಲಿದೆಯೆಂದು ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ತೋರಿಸಿಕೊಟ್ಟದ್ದೂ ಬಿಳಿಗಣ್ಣಿನ ಒಂದು ನೊಣದಿಂದಲೇ ಎಂಬುದನ್ನು ಇಲ್ಲಿ ಹೇಳದಿರಲಾರೆ. ಪ್ರತಿಯೊಂದು ನಾಯಿಯೂ ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳನ್ನು, ತಂದೆಯಿಂದ ಒಂದನ್ನೂ ತಾಯಿಯಿಂದ ಒಂದನ್ನೂ, ಪಡೆದಿರುತ್ತದೆ. ನಾನು ಹೇಳುತ್ತಿರುವ ರೋಗದ ಬಹುತೇಕ ಪ್ರಭೇದಗಳು ದುರ್ಬಲ ಗುಣಗಳು. ಎಂದರೆ, ಎರಡು ಪ್ರತಿಗಳೂ ಕೆಟ್ಟಿದ್ದರೆ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ. ಒಂದು ಪ್ರತಿ ಕೆಟ್ಟು ಇನ್ನೊಂದು ಸರಿಯಾಗಿರುವ ನಾಯಿಗೆ ಜೀವಮಾನಪರ್ಯಂತ ದೃಷ್ಟಿ ಕೆಡುವುದಿಲ್ಲ. ಅದನ್ನು ವಾಹಕವೆನ್ನುತ್ತಾರೆ. ಎರಡು ವಾಹಕಗಳನ್ನು ಕೂಡಿಸಿದರೆ, ಹುಟ್ಟುವ ಪ್ರತಿಯೊಂದು ಮರಿಗೂ ಕುರುಡಾಗುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ದೋಷಮುಕ್ತವಾಗುವ ಸಂಭವ ನಾಲ್ಕರಲ್ಲಿ ಒಂದು. ಅದೇ ವಾಹಕವನ್ನು ದೋಷಮುಕ್ತವಾದ ನಾಯಿಯೊಡನೆ ಕೂಡಿಸಿದರೆ ಒಂದು ಮರಿಯೂ ಕುರುಡಾಗುವುದಿಲ್ಲ. ಎರಡೂ ಜೋಡಿಗಳು ಕಣ್ಣಿಗೆ ಒಂದೇ ಬಗೆಯಾಗಿ ಆರೋಗ್ಯವಂತವಾಗಿ ಕಾಣುತ್ತವೆ ಎಂಬುದೇ ಇಲ್ಲಿಯ ಕಷ್ಟ.

ರಕ್ತಸಂಬಂಧದ ವಿವಾಹದ ಪರಿಣಾಮಗಳನ್ನು ಕುರಿತು ಕನ್ನಡನಾಡಿನ ಓದುಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದೂ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದೂ ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಕರ್ನಾಟಕದಲ್ಲಿ ನವಜಾತ ಶಿಶುಗಳ ಪರೀಕ್ಷೆಯನ್ನು ಆಧರಿಸಿ ಎ.ಆರ್.ಆರ್. ದೇವಿ, ಎನ್. ಅಪ್ಪಾಜಿ ರಾವ್ ಮತ್ತು ಎ.ಎಚ್. ಬಿಟ್ಲ್ಸ್ ಅವರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ಮೂರರಲ್ಲಿ ಒಂದು ದಾಂಪತ್ಯವು ರಕ್ತಸಂಬಂಧಿಗಳ ನಡುವಿನದಾಗಿತ್ತು. ಸೋದರಮಾವ ಮತ್ತು ಸೊಸೆಯ ಮಗುವಿನಲ್ಲಿ ಯಾವುದೇ ಒಂದು ವಂಶವಾಹಿಯ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ನಡೆಯುವ ವಿವಾಹದಲ್ಲಿ ಹದಿನಾರರಲ್ಲಿ ಒಂದು. ನಾಯಿಗಳಲ್ಲಿ, ರೂಪವನ್ನು ಸ್ಥಿರಪಡಿಸುವುದಕ್ಕಾಗಿ, ತಂದೆಯನ್ನು ಮಗಳಿಗೇ ಕೂಡಿಸುವ ರೂಢಿ ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಆಗ ಆ ಸಂಭವ ನಾಲ್ಕರಲ್ಲಿ ಒಂದಕ್ಕೆ ಏರುತ್ತದೆ. ಅಂಥ ಕೂಡಿಕೆಗಳು ತಲೆಮಾರಿನಿಂದ ತಲೆಮಾರಿಗೆ ಮುಂದುವರಿದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಮನುಷ್ಯರ ವಿಷಯದಲ್ಲಿ ನಮಗೆ ಅರಿವಾಗತೊಡಗಿರುವ ಅಪಾಯವನ್ನು, ನಾಯಿಗಳ ವಿಷಯದಲ್ಲಿ ಶುದ್ಧತೆಯೆಂಬ ಗೌರವದ ಹೆಸರಿನಿಂದ ಕರೆದು ಅದಕ್ಕೆ ಹೆಚ್ಚಿನ ಬೆಲೆ ತೆರುತ್ತಿದ್ದೇವೆ.

ಈ ಶುದ್ಧತೆಯ ಕಲ್ಪನೆ ಬಹಳ ಪುರಾತನವಾದದ್ದಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಶ್ವಾನಪ್ರದರ್ಶನ ನಡೆದದ್ದು 1859ರಲ್ಲಿ. ಲಂಡನ್ನಿನ ಕೆನಲ್ ಕ್ಲಬ್ ಸ್ಥಾಪಿತವಾದದ್ದು 1873ರಲ್ಲಿ. ಅಲ್ಲಿಂದೀಚೆಗೆ ಪ್ರತಿಯೊಂದು ತಳಿಗೂ ವಂಶಾವಳಿಯ ಗ್ರಂಥವನ್ನು ಬರೆದು, ಆ ಗ್ರಂಥದ ಹೊರಗಿನ ನಾಯಿಯ ರಕ್ತ ಒಳಬರದಂತೆ ಬಾಗಿಲನ್ನು ಮುಚ್ಚಿದರು. ಬಾಗಿಲು ಮುಚ್ಚಿದ ದಿನ ಒಳಗಿದ್ದ ಕೆಲವೇ ನಾಯಿಗಳಲ್ಲಿ ಯಾವ ದೋಷವಿತ್ತೋ ಅದು ಒಳಗೇ ಉಳಿಯಿತು. ಪ್ರದರ್ಶನದಲ್ಲಿ ಗೆದ್ದ ಗಂಡುನಾಯಿಯನ್ನು ಎಲ್ಲರೂ ಬಯಸಿದ್ದರಿಂದ ಆ ದೋಷ ನೂರ್ಮಡಿಯಾಯಿತು. ಪಶುಗಳ ತಳಿಯನ್ನು ಕಾಪಾಡುವುದರಲ್ಲಿ ಮೈಸೂರಿನ ಅನುಭವ ಇದಕ್ಕಿಂತ ಹಿರಿದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಬಳಿಕ ಅಮೃತಮಹಲೆಂದು ಪ್ರಸಿದ್ಧವಾದ ದನಗಳ ಇಲಾಖೆಯಲ್ಲಿ ಎತ್ತನ್ನು ಆರಿಸುತ್ತಿದ್ದುದು ದಂಡಿನ ಸಾಮಗ್ರಿಯನ್ನು ಎಳೆಯಬಲ್ಲ ಶಕ್ತಿಯನ್ನೂ ನಡಿಗೆಯನ್ನೂ ನೋಡಿ. ದುಡಿಮೆಯೇ ಒರೆಗಲ್ಲಾಗಿರುವಲ್ಲಿ ಕುರುಡು ಎತ್ತಿನ ವಂಶ ಬೆಳೆಯುವ ಸಂಭವವಿಲ್ಲ. ಕಿವಿಯ ಉದ್ದ, ರೋಮದ ಬಣ್ಣ, ಮುಖದ ಅಂದಗಳೇ ಒರೆಗಲ್ಲಾದಾಗ, ಕಣ್ಣಿನ ಹಿಂದೆ ಅಡಗಿರುವ ದೋಷವನ್ನು ಬೇರೆಯೇ ಉಪಾಯದಿಂದ ಹುಡುಕಬೇಕಾಗುತ್ತದೆ.

ಆ ಹುಡುಕಾಟದ ಚರಿತ್ರೆಯು ಸ್ವೀಡನ್ನಿನಲ್ಲಿ ಮ್ಯಾಗ್ನುಸನ್ ಎಂಬ ವಿದ್ವಾಂಸನು 1911ರ ಸುಮಾರಿಗೆ ಗಾರ್ಡನ್ ಸೆಟರ್ ನಾಯಿಗಳಲ್ಲಿ ಈ ರೋಗವನ್ನು ವರ್ಣಿಸಿದಲ್ಲಿಂದ ಆರಂಭವಾಗುತ್ತದೆ. ಇಂಗ್ಲೆಂಡಿನಲ್ಲಿ ಐರಿಷ್ ಸೆಟರ್ ತಳಿಯನ್ನು ಇದು ಬಾಧಿಸಿದಾಗ, ವಾಹಕವನ್ನು ಗುರುತಿಸಲು ಅಂದಿನವರಿಗೆ ಒಂದೇ ದಾರಿಯಿತ್ತು: ಸಂಶಯಕ್ಕೊಳಗಾದ ಆರೋಗ್ಯವಂತ ನಾಯಿಯನ್ನು ಕುರುಡು ನಾಯಿಯೊಡನೆ ಕೂಡಿಸಿ ಮರಿಗಳನ್ನು ಹುಟ್ಟಿಸುವುದು. ಅದು ವಾಹಕವಾಗಿದ್ದರೆ ಮರಿಗಳಲ್ಲಿ ಅರ್ಧದಷ್ಟು ಕುರುಡಾಗಬೇಕು. ಆರು ಮರಿಗಳು ಹುಟ್ಟಿ ಆರಕ್ಕೂ ಕಣ್ಣು ಸರಿಯಾಗಿದ್ದರೂ, ಅದು ವಾಹಕವಾಗಿದ್ದು ತಪ್ಪಿಸಿಕೊಂಡಿರುವ ಸಂಭವ ಅರವತ್ತನಾಲ್ಕರಲ್ಲಿ ಒಂದು ಉಳಿದೇ ಇರುತ್ತದೆ. ಐರಿಷ್ ಸೆಟರ್‌ನಲ್ಲಿ ರೋಗ ಮರಿತನದಲ್ಲಿಯೇ ಕಾಣಿಸಿಕೊಳ್ಳುತ್ತಿದ್ದುದರಿಂದ ಈ ಕ್ರಮವನ್ನು ಅನುಸರಿಸುವುದು ಸಾಧ್ಯವಾಯಿತು. ರೋಗಕ್ಕೆ ವರ್ಷಗಳ ಕಾಲ ಕಾಯಬೇಕಾದ ಲ್ಯಾಬ್ರಡಾರ್‌ನಂಥ ತಳಿಗಳಲ್ಲಿ ಇದು ಕೈಗೂಡುವ ಮಾತಲ್ಲ. ಅದೂ ಅಲ್ಲದೆ, ಒಂದು ನಾಯಿಯ ವಂಶವಾಹಿಯನ್ನು ಅರಿಯುವುದಕ್ಕಾಗಿ ಕುರುಡು ಮರಿಗಳನ್ನು ಉದ್ದೇಶಪೂರ್ವಕವಾಗಿ ಲೋಕಕ್ಕೆ ತರುವ ಉಪಾಯದಲ್ಲಿ ಮನಸ್ಸು ಒಪ್ಪದ ಅಂಶವಿದೆ.

1993ರಲ್ಲಿ ಐರಿಷ್ ಸೆಟರ್‌ನ ಆ ರೋಗಕ್ಕೆ ಕಾರಣವಾದ ವಂಶವಾಹಿಯ ದೋಷ ಪತ್ತೆಯಾದದ್ದರಿಂದ ಈ ಕ್ರೌರ್ಯದ ಅಗತ್ಯ ತಪ್ಪಿತು. 2005ರಲ್ಲಿ ಟಾಷಾ ಎಂಬ ಬಾಕ್ಸರ್ ನಾಯಿಯ ಇಡೀ ಜೀನೋಮ್, ಮೂವತ್ತೊಂಬತ್ತು ಜೊತೆ ವರ್ಣತಂತುಗಳಲ್ಲಿ ಸುಮಾರು 240 ಕೋಟಿ ಅಕ್ಷರಗಳಲ್ಲಿ ಬರೆಯಲ್ಪಟ್ಟದ್ದು, ಓದಲ್ಪಟ್ಟಿತು. ಮರುವರ್ಷ, 2006ರಲ್ಲಿ, ಲ್ಯಾಬ್ರಡಾರ್, ಕಾಕರ್, ಪೂಡಲ್ ಸೇರಿದಂತೆ ಅನೇಕ ತಳಿಗಳಲ್ಲಿ ಅಂಧತ್ವಕ್ಕೆ ಕಾರಣವಾದ ದೋಷವು ಅಮೆರಿಕದ ಗಸ್ಟಾವೊ ಅಗಿರೆ, ಗ್ರೆಗರಿ ಆಕ್ಲಂಡ್ ಮತ್ತು ಅವರ ಸಹೋದ್ಯೋಗಿಗಳ ಪರಿಶ್ರಮದಿಂದ ಬೆಳಕಿಗೆ ಬಂದಿತು. ಆ ದೋಷವಾದರೂ ಎಷ್ಟರದು? ಅಷ್ಟು ಕೋಟಿ ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಕಣ್ಣಿನ ಒಂದು ಪುಟ್ಟ ಪ್ರೋಟೀನಿನ ಎರಡನೆಯ ಸ್ಥಾನದಲ್ಲಿ ಇರಬೇಕಾದ ಅಮೈನೋ ಆಮ್ಲದ ಬದಲಿಗೆ ಬೇರೊಂದು ಬಂದು ಕುಳಿತಿರುತ್ತದೆ. ಪರಸ್ಪರ ದೂರವಾಗಿ ತೋರುವ ಇಷ್ಟೊಂದು ತಳಿಗಳಲ್ಲಿ ಅದೇ ಅಕ್ಷರ, ಅದೇ ಸ್ಥಾನದಲ್ಲಿ ತಪ್ಪಿರುವುದರಿಂದ, ತಳಿಗಳು ಬೇರೆಬೇರೆಯಾಗುವುದಕ್ಕೆ ಮುನ್ನವೇ ಯಾವುದೋ ಪೂರ್ವಜ ನಾಯಿಯಲ್ಲಿ ಹುಟ್ಟಿದ ದೋಷ ಇದೆಂದು ಊಹಿಸಬೇಕಾಗುತ್ತದೆ. ನನ್ನನ್ನು ಇನ್ನೂ ಆಶ್ಚರ್ಯಗೊಳಿಸಿದ ಸಂಗತಿ ಮತ್ತೊಂದು. ಇದೇ ತಪ್ಪು, ಇದೇ ಸ್ಥಾನದಲ್ಲಿ, ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ರೋಗದಿಂದ ದೃಷ್ಟಿ ಕಳೆದುಕೊಳ್ಳುತ್ತಿದ್ದ ಬಾಂಗ್ಲಾದೇಶದ ಒಬ್ಬ ವ್ಯಕ್ತಿಯಲ್ಲಿಯೂ ಕಂಡುಬಂದಿತು. ನಾಯಿಯ ಕಣ್ಣನ್ನು ಪರೀಕ್ಷಿಸಿದವರಿಗೆ ಮನುಷ್ಯನ ಕಣ್ಣಿನ ಕಾಯಿಲೆಯ ಸುಳಿವು ದೊರೆತದ್ದು ಹೀಗೆ.

ದೋಷದ ಸ್ಥಾನ ತಿಳಿದ ಮೇಲೆ ಅದನ್ನು ನಾಯಿಯ ಡಿಎನ್‌ಎಯಲ್ಲಿ ಹುಡುಕುವ ಪರೀಕ್ಷೆಯ ವಿಧಾನ ಸರಳವಾದದ್ದು. ನಾಯಿಗೆ ಸ್ವಲ್ಪ ಹೊತ್ತು ಆಹಾರ ಕೊಡದೆ, ಮರಿಯಾದರೆ ತಾಯಿಯ ಹಾಲಿನಿಂದ ದೂರವಿರಿಸಿ, ಮೃದುವಾದ ಪುಟ್ಟ ಬ್ರಷ್ಷಿನಿಂದ ಕೆನ್ನೆಯ ಒಳಭಾಗವನ್ನು ಕೆಲವು ಕ್ಷಣ ಉಜ್ಜುತ್ತಾರೆ. ಬ್ರಷ್ಷಿಗೆ ಅಂಟಿಕೊಂಡ ಕೋಶಗಳನ್ನು ಒಣಗಿಸಿ, ನಾಯಿಯ ಹೆಸರನ್ನೂ ಗುರುತನ್ನೂ ಬರೆದು ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳುಹಿಸಬಹುದು. ಬದಲಿಗೆ ಪಶುವೈದ್ಯರು ತೆಗೆದ ರಕ್ತದ ಮಾದರಿಯೂ ಆಗುತ್ತದೆ. ಅಲ್ಲಿ ಆ ಕೋಶಗಳ ಡಿಎನ್‌ಎಯಿಂದ ಬೇಕಾದ ಭಾಗವನ್ನು ಮಾತ್ರ ವರ್ಧಿಸಿ, ಸಂಶಯದ ಅಕ್ಷರ ಯಾವುದೆಂದು ನೋಡುತ್ತಾರೆ. ಉತ್ತರವು ಮುಕ್ತ, ವಾಹಕ, ಬಾಧಿತ ಎಂಬ ಮೂರರಲ್ಲಿ ಒಂದಾಗಿ ಬರುತ್ತದೆ. ಡಿಎನ್‌ಎ ಆಯುಷ್ಯದಲ್ಲಿ ಬದಲಾಗುವುದಿಲ್ಲವಾದ್ದರಿಂದ ಪರೀಕ್ಷೆ ಒಮ್ಮೆ ಮಾಡಿಸಿದರೆ ಸಾಕು. ಎಂಟು ವಾರದ ಮರಿಯಲ್ಲಿ ಬಂದ ಉತ್ತರ ಎಂಟು ವರ್ಷದ ನಾಯಿಗೂ ಅದೇ. ರೋಗದ ಚಿಹ್ನೆಗಳಿಗೆ ಹಲವು ವರ್ಷ ಮೊದಲೇ, ನಾಯಿಯನ್ನು ಕ್ರಾಸ್ ಮಾಡಿಸುವ ವಯಸ್ಸು ಬರುವುದಕ್ಕೆ ಮುನ್ನವೇ ಉತ್ತರ ಕೈಗೆ ಸಿಗುವುದು ಇದರ ಪರಮ ಪ್ರಯೋಜನ. ಬಾಧಿತವೆಂದು ತಿಳಿದ ನಾಯಿಯ ಕಣ್ಣನ್ನು ಈ ಪರೀಕ್ಷೆ ಉಳಿಸಲಾರದು. ಇದು ಉಳಿಸುವುದು ಇನ್ನೂ ಹುಟ್ಟದ ಮರಿಗಳ ಕಣ್ಣನ್ನು.

ಈ ಪರೀಕ್ಷೆಯ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಅರಿಯಬೇಕು. ಪ್ರತಿಯೊಂದು ಪರೀಕ್ಷೆಯೂ ಒಂದು ನಿರ್ದಿಷ್ಟ ದೋಷವನ್ನು ಮಾತ್ರ ಹುಡುಕುತ್ತದೆ. ಗೋಲ್ಡನ್ ರಿಟ್ರೀವರ್ ತಳಿಯಲ್ಲಿಯೇ ಈ ರೋಗವನ್ನುಂಟುಮಾಡುವ ಮೂರು ಬೇರೆಬೇರೆ ವಂಶವಾಹಿಗಳ ದೋಷಗಳು ಗೊತ್ತಾಗಿವೆ. ಒಂದಕ್ಕೆ ಮುಕ್ತವೆಂಬ ಪತ್ರವಿದ್ದರೆ ಉಳಿದ ಎರಡರ ವಿಷಯ ಅದರಿಂದ ತಿಳಿಯುವುದಿಲ್ಲ. ಮ್ಯಾಸ್ಟಿಫ್ ತಳಿಯ ಒಂದು ಪ್ರಭೇದವು ಪ್ರಬಲ ಗುಣವಾದ್ದರಿಂದ ಅಲ್ಲಿ ಒಂದೇ ಪ್ರತಿ ಕೆಟ್ಟರೂ ಕುರುಡು ಬರುತ್ತದೆ. ಸೈಬೀರಿಯನ್ ಹಸ್ಕಿಯ ಒಂದು ಪ್ರಭೇದವು ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಗಂಡುಗಳನ್ನೇ ಹೆಚ್ಚಾಗಿ ಬಾಧಿಸುತ್ತದೆ. ಪುಟ್ಟ ಡ್ಯಾಷ್‌ಹೌಂಡ್‌ಗಳಲ್ಲಿ 2006ರಲ್ಲಿ ಪತ್ತೆಯಾದ ದೋಷವೊಂದರ ಎರಡು ಪ್ರತಿಗಳನ್ನು ಹೊತ್ತ ನಾಯಿಗಳೂ ಕೆಲವು ಮುಪ್ಪಿನವರೆಗೆ ಚೆನ್ನಾಗಿಯೇ ನೋಡುವುದು ಕಂಡುಬಂದು, ಬೇರೆ ವಂಶವಾಹಿಗಳೂ ಅದರ ಪರಿಣಾಮವನ್ನು ಹಿಗ್ಗಿಸಿ ಕುಗ್ಗಿಸುತ್ತವೆಂದು ಬಳಿಕ ತಿಳಿದುಬಂದಿತು. ಆದ್ದರಿಂದ ತಳಿಗೆ ತಕ್ಕ ಪರೀಕ್ಷೆಯನ್ನು ಆರಿಸುವುದೂ, ಪಶುವೈದ್ಯರಿಂದ ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ಪ್ರತ್ಯಕ್ಷವಾಗಿ ನೋಡಿಸುವುದೂ, ಡಿಎನ್‌ಎ ಪರೀಕ್ಷೆಯ ಜೊತೆಯಲ್ಲಿ ನಡೆಯತಕ್ಕದ್ದು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಇಲ್ಲಿ ನಾನು ಒತ್ತಿ ಹೇಳಲು ಬಯಸುವ ಮಾತು ವಾಹಕಗಳನ್ನು ಕುರಿತದ್ದು. ಪರೀಕ್ಷೆಯಲ್ಲಿ ವಾಹಕವೆಂದು ಬಂದ ನಾಯಿಯನ್ನು ಕಳಂಕಿತವೆಂದು ಬಗೆದು ಸಂತಾನದಿಂದಲೇ ಹೊರಗಿಡಬೇಕೆಂಬ ಆತುರ ಸಹಜ. ಆದರೆ ಮೊದಲೇ ಸಂಕುಚಿತವಾಗಿರುವ ತಳಿಯೊಂದರಲ್ಲಿ ವಾಹಕಗಳನ್ನೆಲ್ಲ ಒಮ್ಮೆಲೇ ತ್ಯಜಿಸಿದರೆ ಉಳಿಯುವ ನಾಯಿಗಳ ಸಂಖ್ಯೆ ಮತ್ತಷ್ಟು ಕುಗ್ಗಿ, ಅವುಗಳ ನಡುವಿನ ರಕ್ತಸಂಬಂಧ ಮತ್ತಷ್ಟು ದಟ್ಟವಾಗಿ, ಇಂದು ಪರೀಕ್ಷೆಯೇ ಇಲ್ಲದ ಇನ್ನಾವುದೋ ರೋಗ ಮೇಲೆದ್ದು ಬರುತ್ತದೆ. ಗುಣವಂತವಾದ ವಾಹಕವನ್ನು ಮುಕ್ತವಾದ ನಾಯಿಯೊಡನೆ ಮಾತ್ರ ಕೂಡಿಸಿ, ಹುಟ್ಟಿದ ಮರಿಗಳನ್ನು ಪರೀಕ್ಷಿಸಿ, ಮುಂದಿನ ತಲೆಮಾರಿಗೆ ಅವುಗಳಲ್ಲಿ ಮುಕ್ತವಾದವನ್ನು ಆರಿಸಿಕೊಳ್ಳುವುದೇ ಸರಿಯಾದ ಮಾರ್ಗ. ಒಂದು ಕುರುಡು ಮರಿಯೂ ಹುಟ್ಟದಂತೆ, ತಳಿಯ ವೈವಿಧ್ಯವೂ ನಾಶವಾಗದಂತೆ, ಕೆಲವೇ ತಲೆಮಾರುಗಳಲ್ಲಿ ದೋಷವನ್ನು ವಿರಳಗೊಳಿಸುವುದು ಇದರಿಂದ ಸಾಧ್ಯ. ಇದಕ್ಕೆ ಬೇಕಾಗಿರುವುದು ನಾಯಿಯ ಒಡೆಯರ ನಿಸ್ಸಂಕೋಚವಾದ ಸತ್ಯ. ಹೆಣ್ಣು ನೋಡಲು ಬಂದವರ ಮುಂದೆ ಮನೆತನದ ಕಾಯಿಲೆಯನ್ನು ಮುಚ್ಚಿಡುವ ನಮ್ಮ ಹಳೆಯ ಭೀತಿ ನಾಯಿಯ ವಿಷಯಕ್ಕೂ ಹಬ್ಬಿ, ವಾಹಕವೆಂಬ ಉತ್ತರ ಬಂದ ಕಾಗದವನ್ನು ಬೀರುವಿನೊಳಗೆ ಇಟ್ಟುಬಿಟ್ಟರೆ, ಆ ಪರೀಕ್ಷೆಯನ್ನು ಮಾಡಿಸಿದ್ದೂ ಮಾಡಿಸದಿದ್ದುದಕ್ಕೆ ಸಮ.

ಮರಿಯನ್ನು ಕೊಳ್ಳುವ ಸಮಯದಲ್ಲಿ ನಡೆಯುವ ಸಂಭಾಷಣೆಯನ್ನು ಕೇಳಿದವರಿಗೆ ಅಡಚಣೆ ಎಲ್ಲಿದೆಯೆಂಬುದು ಅರ್ಥವಾಗುತ್ತದೆ. ನೆರೆಯ ಕುಟುಂಬವೊಂದರ ಜೊತೆಗೆ ನಾನು ಹೋಗಿದ್ದಾಗ, ಮರಿಗಳನ್ನು ತೋರಿಸಿದ ತರುಣನು ಬಹು ಹೆಮ್ಮೆಯಿಂದ, "ಪೇಪರ್ ಇದೆ ಸಾರ್, ಅಪ್ಪ ಅಮ್ಮ ಎರಡೂ ಚಾಂಪಿಯನ್ ಲೈನು" ಎಂದನು. "ಕಣ್ಣಿನ ಟೆಸ್ಟ್ ಏನಾದರೂ ಮಾಡಿಸಿದ್ದೀರೇನಪ್ಪಾ?" ಎಂದು ನಾನು ಕೇಳಿದುದಕ್ಕೆ, "ಕಣ್ಣಿಗೇನೂ ಆಗಿಲ್ಲ ಸಾರ್, ನೀವೇ ನೋಡಿ ಹೆಂಗೆ ಓಡಾಡ್ತಿವೆ" ಎಂದು ಮರಿಗಳತ್ತ ಕೈ ತೋರಿಸಿದನು. ಅವನು ಸುಳ್ಳು ಹೇಳುತ್ತಿರಲಿಲ್ಲ. ಮುಂದೆ ಕುರುಡಾಗಲಿರುವ ಮರಿಯೂ ಆ ವಯಸ್ಸಿನಲ್ಲಿ ಹಾಗೆಯೇ ಓಡಾಡುತ್ತದೆ. ಚೆನ್ನೈನಲ್ಲಿ ಕಚೇರಿಯುಳ್ಳ ಭಾರತದ ಕೆನಲ್ ಕ್ಲಬ್ಬು ಕೊಡುವ ಪತ್ರವು ಮರಿಯ ತಂದೆ, ತಾಯಿ, ಅಜ್ಜ, ಅಜ್ಜಿಯರನ್ನು ತಿಳಿಸುವ ಅಮೂಲ್ಯವಾದ ದಾಖಲೆ. ಆದರೆ ವಂಶಾವಳಿಯಲ್ಲಿ ಯಾರ ಹೆಸರಿದೆಯೆಂಬುದು ಬೇರೆ, ಅವರ ವಂಶವಾಹಿಯಲ್ಲಿ ಏನಿದೆಯೆಂಬುದು ಬೇರೆ. ನಾಯಿಗಳ ಸಂತಾನಾಭಿವೃದ್ಧಿ ಮತ್ತು ಮಾರಾಟವನ್ನು ಕುರಿತು ಕೇಂದ್ರ ಸರ್ಕಾರವು 2017ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು, ಹದಿನೆಂಟು ತಿಂಗಳು ತುಂಬದ ಹೆಣ್ಣಿನಿಂದ ಮರಿ ಮಾಡಿಸಕೂಡದು, ಹನ್ನೆರಡು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಈಯಿಸಕೂಡದು. ಇವು ಹೆಣ್ಣುನಾಯಿಯ ದೇಹವನ್ನು ರಕ್ಷಿಸುವ ಒಳ್ಳೆಯ ನಿಯಮಗಳು. ಮರಿಯ ಕಣ್ಣನ್ನು ರಕ್ಷಿಸುವ ಕೆಲಸ ಮಾತ್ರ ಕೊಳ್ಳುವವರ ಬಾಯಿಂದಲೇ ಆಗಬೇಕು: ತಂದೆತಾಯಿಗಳೆರಡರ ಪರೀಕ್ಷಾಪತ್ರವನ್ನೂ ಕೇಳಿ ನೋಡದೆ ಹಣ ಕೊಡೆವೆಂದು ಹತ್ತು ಜನ ಹೇಳಿದ ಊರಿನಲ್ಲಿ, ಹನ್ನೊಂದನೆಯವರು ಬರುವ ಹೊತ್ತಿಗೆ ಮಾರುವವನೇ ಪತ್ರವನ್ನು ಸಿದ್ಧಪಡಿಸಿಕೊಂಡಿರುತ್ತಾನೆ.

ನಾಯಿಗಳ ಈ ಅಂಧತ್ವದ ಅಧ್ಯಯನವನ್ನು ಧನಿಕರ ವಿನೋದಕ್ಕೆ ಸಂಬಂಧಿಸಿದ್ದೆಂದು ಉಪೇಕ್ಷಿಸುವವರಿಗಾಗಿ ಒಂದು ವೃತ್ತಾಂತವನ್ನು ಹೇಳಬೇಕು. ಬ್ರಿಯಾರ್ಡ್ ಎಂಬ ಫ್ರಾನ್ಸಿನ ಕುರಿನಾಯಿಯ ತಳಿಯಲ್ಲಿ ಆರ್‌ಪಿಇ65 ಎಂಬ ವಂಶವಾಹಿಯ ದೋಷದಿಂದ ಹುಟ್ಟುಕುರುಡಿಗೆ ಸಮೀಪವಾದ ಸ್ಥಿತಿ ಬರುತ್ತದೆ. 2001ರಲ್ಲಿ ವಿಜ್ಞಾನಿಗಳು, ಅಪಾಯರಹಿತವಾದ ಒಂದು ವೈರಸ್ಸಿನ ಮೂಲಕ ಆ ವಂಶವಾಹಿಯ ಸರಿಯಾದ ಪ್ರತಿಯನ್ನು ಅಂಥ ನಾಯಿಗಳ ಅಕ್ಷಿಪಟಲದ ಅಡಿಗೆ ಸೇರಿಸಿ, ಅವುಗಳಿಗೆ ದೃಷ್ಟಿ ಮರಳಿ ಬಂದುದನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದಾದ ಲಾನ್ಸಲಾಟ್ ಎಂಬ ನಾಯಿ ಲೋಕವಿಖ್ಯಾತವಾಯಿತು. ಅದೇ ವಂಶವಾಹಿಯ ದೋಷದಿಂದ ಮನುಷ್ಯರ ಮಕ್ಕಳೂ ಕುರುಡಾಗುತ್ತಾರೆ. ಹದಿನಾರು ವರ್ಷಗಳ ಪರಿಶ್ರಮದ ತರುವಾಯ, 2017ರ ಡಿಸೆಂಬರಿನಲ್ಲಿ, ಲಕ್ಸ್‌ಟರ್ನಾ ಎಂಬ ಹೆಸರಿನ ಚಿಕಿತ್ಸೆಯಾಗಿ ಆ ವಿಧಾನವು ಅಮೆರಿಕದಲ್ಲಿ ಮನುಷ್ಯರಿಗೆ ಅಂಗೀಕೃತವಾಯಿತು. ಲ್ಯಾಬ್ರಡಾರ್‌ಗಳ ರೋಗಕ್ಕೆ ಅಂಥ ಚಿಕಿತ್ಸೆ ಇಂದು ನಮ್ಮ ಪಶುವೈದ್ಯಶಾಲೆಗಳಲ್ಲಿ ಲಭ್ಯವಿಲ್ಲದಿರುವುದರಿಂದ, ಈಗಾಗಲೇ ಕಣ್ಣು ಕಳೆದುಕೊಂಡ ನಾಯಿಯನ್ನು ಸಾಕುತ್ತಿರುವವರು ಮಾಡಬಹುದಾದದ್ದು ಮನೆಯ ಸಾಮಾನುಗಳ ಜಾಗ ಬದಲಿಸದಿರುವುದು, ಮುಟ್ಟುವ ಮೊದಲು ಹೆಸರು ಹಿಡಿದು ಕರೆಯುವುದು, ಮೆಟ್ಟಿಲ ಬಳಿಗೆ ಬಂದಾಗ ನಿಯತವಾದ ಒಂದೇ ಪದವನ್ನು ಹೇಳುವುದು. ಇಷ್ಟು ಮಾಡಿದರೆ ಕುರುಡು ನಾಯಿಯೂ ಸುಖವಾಗಿ ಬಾಳುತ್ತದೆ. ಅದನ್ನು ಕೊಲ್ಲಿಸಬೇಕೆಂಬ ಸಲಹೆಗೆ ಯಾರೂ ಕಿವಿಗೊಡಬಾರದು.

ಹೊರದೇಶದ ತಳಿಗಳ ಮಾತಾಯಿತು. ನಮ್ಮದೇ ನೆಲದ ಮುಧೋಳ ನಾಯಿಗೆ ಈ ವಿಚಾರ ಇನ್ನೂ ಹತ್ತಿರದಿಂದ ಅನ್ವಯಿಸುತ್ತದೆ. ಘೋರ್ಪಡೆ ರಾಜಮನೆತನದ ಆಶ್ರಯದಲ್ಲಿ ಪುನರುಜ್ಜೀವನ ಪಡೆದು, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಮೂಡಿದ ಈ ಬೇಟೆನಾಯಿ ವಾಸನೆಗಿಂತ ದೃಷ್ಟಿಯನ್ನೇ ನಂಬಿ ಮೊಲದ ಬೆನ್ನಟ್ಟುವ ಜಾತಿಯದು. ಕಣ್ಣು ಹೋದರೆ ಇದರ ಸ್ವಧರ್ಮವೇ ಹೋಯಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರವು ಈ ತಳಿಯನ್ನು ಬೆಳೆಸಿ ಸಾಕುವವರಿಗೆ ಮರಿಗಳನ್ನು ಒದಗಿಸುತ್ತಿದೆ. ಕೀರ್ತಿಯೊಡನೆ ಬೇಡಿಕೆಯೂ, ಬೇಡಿಕೆಯೊಡನೆ ಕೆಲವೇ ಪ್ರಖ್ಯಾತ ಗಂಡುಗಳ ಮೇಲಿನ ಮೋಹವೂ ಬರುವುದನ್ನು ಇಂಗ್ಲೆಂಡಿನ ತಳಿಗಳಲ್ಲಿ ನೋಡಿಯಾಗಿದೆ. ಆದಕಾರಣ ಇಲ್ಲಿ ಆ ದಾರಿ ಹಿಡಿಯುವ ಮುನ್ನವೇ, ಕೇಂದ್ರದ ಮರಿಗಳಿಗೂ ಸುತ್ತಮುತ್ತಲ ಹಳ್ಳಿಗಳ ಸಾಕಣೆದಾರರ ಮರಿಗಳಿಗೂ ಲಸಿಕೆ ಹಾಕುವ ದಿನವೇ ಕೆನ್ನೆಯ ಮಾದರಿಯನ್ನು ತೆಗೆದು, ತಂದೆತಾಯಿಗಳ ಗುರುತಿನೊಡನೆ ಸಂಗ್ರಹಿಸಿಟ್ಟು, ವರ್ಷಕ್ಕೊಮ್ಮೆ ಪ್ರೌಢ ನಾಯಿಗಳ ಅಕ್ಷಿಪಟಲವನ್ನು ಪಶುವೈದ್ಯರಿಂದ ನೋಡಿಸಿ ಬರೆದಿಟ್ಟರೆ, ಎಂದಾದರೂ ಒಂದು ನಾಯಿಯಲ್ಲಿ ಇರುಳುಗುರುಡು ಕಾಣಿಸಿದ ದಿನ ಅದರ ಕಾರಣವನ್ನು ಹುಡುಕುವವರಿಗೆ ಮೂರು ತಲೆಮಾರುಗಳ ಡಿಎನ್‌ಎ ಮತ್ತು ದಾಖಲೆ ಒಂದೇ ಕಡೆ ಸಿಗುತ್ತದೆ.